ಇನ್ನೊಂದು ಮಹಡಿ ಮೇಲೆ ಹೋಗಿ

ನಂಜುಂಡನಿಗೆ ಮೈಸೂರಿನಿಂದ ಅಹಮದಾಬಾದಿಗೆ ವರ್ಗವಾದಾಗ ಹೆಚ್ಚು ಖುಷಿಪಟ್ಟವಳು ಅವನ ಹೆಂಡತಿ ಗಿರಿಜಾ. ವಿಮಾ ಕಂಪನಿಯೊಂದರಲ್ಲಿ ತಪಾಸಣಾ ಅಧಿಕಾರಿಯಾಗಿದ್ದ ಅವನು ವರ್ಗ ತಪ್ಪಿಸಿಕೊಳ್ಳಲು ಯಾರ್ಯಾರ ಕೈಕಾಲೋ ಹಿಡಿಯುತ್ತಿದ್ದರೆ, ಅವಳು ಚಾಮುಂಡಿ ಬೆಟ್ಟ ಹತ್ತಿ ವರ್ಗ ಆಗಲೇಬೇಕೆಂದು ಹರಕೆ ಹೊತ್ತು ಬಂದಿದ್ದಳು. ಗುಜರಾತಿನಲ್ಲಿ ಪಾನನಿಷೇಧ. ಅಂಗಡಿಯೇ ಇಲ್ಲದ ಊರಿನಲ್ಲಿ ಗಂಡ ಕುಡಿದರೆ ಮಜ್ಜಿಗೆ ಕುಡಿದಾನು ಎಂಬುದು ಅವಳ ಲೆಕ್ಕಾಚಾರ.

ದೇವಿ ಹರಕೆಯನ್ನು ಕೇಳಿಸಿಕೊಂಡಳು, ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಮೈಸೂರಿನಲ್ಲಾದರೆ ನಂಜುಂಡ ಬಾರಿನ ತನಕ ಹೋಗಬೇಕಿತ್ತು, ಗುರುತಿನವರ ಕಣ್ಣು ತಪ್ಪಿಸಬೇಕಿತ್ತು, ಬಾಗಿಲು ಹಾಕುವ ಹೊತ್ತಿಗೆ ಏಳಬೇಕಿತ್ತು. ಅಹಮದಾಬಾದಿನ ಹೊರವಲಯದ ಬೋಪಾಲ್‌ನ ಹನ್ನೊಂದನೇ ಮಹಡಿಯ ಫ್ಲ್ಯಾಟಿಗೆ ಬಂದ ಮೊದಲ ವಾರದಲ್ಲೇ ಅವನಿಗೆ ಗೊತ್ತಾಯಿತು, ಇಲ್ಲಿ ಅಂಥ ಕಷ್ಟಗಳೊಂದೂ ಇಲ್ಲ. ಒಂದು ಫೋನ್ ಮಾಡಿದರೆ ಹಳದಿ ಹೆಲ್ಮೆಟ್ಟಿನ ಒಬ್ಬ ಮನುಷ್ಯ ಸ್ಕೂಟರಿನಲ್ಲಿ ಬಂದು, ಗಿರಿಜಾ ತರಿಸುವ ತರಕಾರಿಗಿಂತ ಬೇಗ, ನಗುನಗುತ್ತಾ ಪಾರ್ಸಲ್ ಕೊಟ್ಟು ಹೋಗುತ್ತಾನೆ. ಎಲ್ಲೂ ಸಿಗುವುದಿಲ್ಲ ಎನ್ನುವ ಪದಾರ್ಥ ಎಲ್ಲೆಲ್ಲೂ ಸಿಗುತ್ತಿತ್ತು. ಹೀಗೆ ಹೋಗಿಹೋಗಿ, ಬಂದಾಗ ಪ್ರೈಮರಿ ಶಾಲೆಯಲ್ಲಿದ್ದ ಮಗಳು ಮನಸ್ವಿನಿ ಕಾಲೇಜು ಸೇರುವ ಹೊತ್ತಿಗೆ ಮೊದಲು ರಾತ್ರಿಗಷ್ಟೇ ಇದ್ದ ಕುಡಿತ ಸಂಜೆಗೂ, ಸಂಜೆಗಿದ್ದದ್ದು ಭಾನುವಾರದ ಮಧ್ಯಾಹ್ನಕ್ಕೂ ಹಬ್ಬಿಕೊಂಡಿತ್ತು.

ಎಲ್ಲ ಬಯಲಾದದ್ದು ಕನ್ನಡ ಸಂಘದ ರಾಜ್ಯೋತ್ಸವದಲ್ಲಿ. ವಂದನಾರ್ಪಣೆ ನಂಜುಂಡನ ಪಾಲಿಗೆ ಬಂದಿತ್ತು. ಧೈರ್ಯಕ್ಕೆಂದು ಸ್ವಲ್ಪ ಹಾಕಿಕೊಂಡು ಹೋಗಿದ್ದ; ಧೈರ್ಯ ಬೇಕಾದದ್ದಕ್ಕಿಂತ ಜಾಸ್ತಿಯೇ ಬಂತು. ಅತಿಥಿಗಳಿಗೆ ವಂದಿಸಿದ. ಮೈಕಿನವನಿಗೆ ವಂದಿಸಿದ. ಕುರ್ಚಿಗಳಿಗೆ, ಕುರ್ಚಿ ಬಿಡಿಸಿಟ್ಟವರಿಗೆ, ನೀರು ಕೊಟ್ಟ ಸಾಬರಮತಿಗೆ ವಂದಿಸಿದ. ಆಮೇಲೆ ದನಿ ಗದ್ಗದವಾಗಿ, "ನಮ್ಮನ್ನಗಲಿದ ಮುಖ್ಯ ಅತಿಥಿಗಳ ಆತ್ಮಕ್ಕೆ ಶಾಂತಿ ಕೋರಿ ಒಂದು ನಿಮಿಷ ಮೌನ ಆಚರಿಸೋಣ" ಎಂದ. ಮುಖ್ಯ ಅತಿಥಿಗಳು ಅವನ ಪಕ್ಕದಲ್ಲೇ ಕೂತು ಬೋಂಡ ತಿನ್ನುತ್ತಿದ್ದರು. ಅಭ್ಯಾಸಬಲದಿಂದ ಅರ್ಧ ಸಭೆ ಎದ್ದು ನಿಂತಿತು. ಏನು ಮಾಡುವುದೆಂದು ತೋಚದೆ ಅತಿಥಿಗಳೂ ಬೋಂಡ ಕೆಳಗಿಟ್ಟು ಎದ್ದು ನಿಂತರು.

ಮನೆಗೆ ಬಂದಾಗ ಗಿರಿಜಾ ಬೈಯುತ್ತಾಳೆಂದು ಅವನು ತಯಾರಾಗಿದ್ದ. ಅವಳು ಬೈಯಲಿಲ್ಲ, ಮೊಸರನ್ನ ಕಲಸಿಟ್ಟು ಒಳಗೆ ಹೋದಳು. ಮನಸ್ವಿನಿ ಸೀರೆ ಬದಲಾಯಿಸಿ ಬಂದು, ತನ್ನ ಹರಕುಮುರುಕು ಕನ್ನಡದಲ್ಲಿ, "ಅಪ್ಪಾ, ನೆಕ್ಸ್ಟ್ ಇಯರ್‌ನಿಂದ ನಾನು ಫಂಕ್ಷನ್‌ಗೆ ಬರಲ್ಲ. ನೀವಿಬ್ರೂ ಹೋಗಿ, ಓಕೆ?" ಎಂದಳು. ಸಿಟ್ಟಿರಲಿಲ್ಲ. ನಾಳೆ ಹಾಲು ಬರುವುದಿಲ್ಲ ಎನ್ನುವಾಗ ಇರುವಂಥ ದನಿ. ಆ ದನಿ ಕೇಳಿ ನಂಜುಂಡ ಮೊಸರನ್ನದ ತಟ್ಟೆ ಹಾಗೇ ಬಿಟ್ಟು ಎದ್ದ.

ವಾರ ಕಳೆಯುವುದರೊಳಗೆ ಅವನು ಡಾಕ್ಟರ ಮುಂದೆ ಕೂತಿದ್ದ. ಆಕೆ ಗುಜರಾತಿ ಹೆಂಗಸು, ಮಿತಭಾಷಿ. ರಿಪೋರ್ಟು ನೋಡಿ ಕನ್ನಡಕ ತೆಗೆದಿಟ್ಟರು. "ಮಾತ್ರೆ ಬರೆದುಕೊಡ್ತೀನಿ. ಮಾತ್ರೆಯಿಂದಷ್ಟೇ ಆಗೋದಲ್ಲ. ಕುಡಿತ ಬಿಟ್ಟವರು ಸೇರಿ ಕೂರುವ ಮೀಟಿಂಗುಗಳಿವೆ, ಹೋಗಿ" ಎಂದು ಒಂದು ನಂಬರ್ ಕೊಟ್ಟರು.

ಆಫೀಸಿನ ಮೆಟ್ಟಿಲ ಮೂಲೆಯಲ್ಲಿ ನಿಂತು ಅವನು ಫೋನ್ ಮಾಡಿದ. ಆ ಕಡೆಯ ದನಿ ತುಂಬ ಮೃದುವಾಗಿತ್ತು. ವಸ್ತ್ರಾಪುರ ಕೆರೆಯ ಹಿಂದಿನ ಬೀದಿ, ಟ್ರಸ್ಟಿನ ಹಳೇ ಕಟ್ಟಡ, ಎರಡನೇ ಮಹಡಿ, ಗುರುವಾರ ಸಂಜೆ ಏಳಕ್ಕೆ. "ಬೋರ್ಡ್ ಇರಲ್ಲ. ಹೆಸರು ಹೇಳಿದರೆ ಸಾಕು, ಮನೆತನ, ಕೆಲಸ ಯಾವುದೂ ಬೇಡ. ಬನ್ನಿ ಭಾಯ್, ಚಹಾ ಇರುತ್ತೆ."

ಗುರುವಾರ ಆ ಬೀದಿಗೆ ಹೋದರೆ ಒಂದೇ ಅಚ್ಚಿನ ಮೂರು ಹಳೇ ಕಟ್ಟಡಗಳು. ನಂಜುಂಡ ಎರಡು ಸಲ ಆ ಕಡೆಯಿಂದ ಈ ಕಡೆಗೆ ನಡೆದ. ಬಾಯಿ ಬಿಟ್ಟು ಕೇಳದೆ ಗತಿಯಿರಲಿಲ್ಲ. ಮೂಲೆಯ ಚಹಾದಂಗಡಿಯವನ ಹತ್ತಿರ ಹೋಗಿ, ಅತ್ತಿತ್ತ ನೋಡಿ, ತನ್ನ ಮೈಸೂರು ಹಿಂದಿಯಲ್ಲಿ ಪಿಸುಗುಟ್ಟಿದ: "ಇಲ್ಲಿ... ಕುಡಿಯೋರು ಸೇರೋ ಜಾಗ ಇದೆಯಂತಲ್ಲ?"

ಚಹಾದವನೂ ಅತ್ತಿತ್ತ ನೋಡಿದ. "ಎಷ್ಟು ಜನ?"

"ನಾನೊಬ್ಬನೇ."

"ಕೂತ್ಕೊಳ್ಳಿ. ಐದು ನಿಮಿಷ." ಅರ್ಧ ಲೋಟದ ಕಟಿಂಗ್ ಚಹಾ ಕೈಗಿಟ್ಟು ಯಾರಿಗೋ ಫೋನ್ ಮಾಡಿದ.

ಎಂಥ ವ್ಯವಸ್ಥೆ ಎಂದು ನಂಜುಂಡನ ಮನಸ್ಸು ತುಂಬಿ ಬಂತು. ಹೊಸಬರನ್ನು ಕರೆದೊಯ್ಯಲು ಜನ ಬೇರೆ ಕಳಿಸುತ್ತಾರೆ! ಚಹಾ ಮುಗಿಯುವಷ್ಟರಲ್ಲಿ ಒಂದು ಸ್ಕೂಟರ್ ಬಂದು ನಿಂತಿತು. ಹಳದಿ ಹೆಲ್ಮೆಟ್. ಬೋಪಾಲ್‌ನ ಅದೇ ಮನುಷ್ಯ.

"ಅರೆ ಸಾಹೇಬ್!" ಅವನ ಮುಖ ಅರಳಿತು. "ನೀವು ಇಲ್ಲಿ ತನಕ ಯಾಕೆ ಬಂದ್ರಿ? ಫೋನ್ ಮಾಡಿದ್ದರೆ ಮನೆಗೇ ತರ್ತಿದ್ದೆ. ನಿಮ್ಮದೇ ಬ್ರ್ಯಾಂಡ್ ಇದೆ."

ಡಿಕ್ಕಿಯ ಮುಚ್ಚಳ ಅರ್ಧ ತೆರೆದುಕೊಂಡಿತು. ಒಳಗೆ ಪೇಪರಿನಲ್ಲಿ ಸುತ್ತಿದ ಆಕಾರ ಕಂಡದ್ದೇ ನಂಜುಂಡನ ಬಾಯಲ್ಲಿ ನೀರೂರಿತು. ಕಾಲು ಒಂದು ಹೆಜ್ಜೆ ತಾನಾಗಿಯೇ ಮುಂದೆ ಹೋಯಿತು. ಅಷ್ಟರಲ್ಲಿ ಮಗಳ ದನಿ ನೆನಪಾಗಿ, "ಬೇಡ, ಬೇಡ! ನಾನು ಬಿಡೋರ ಮೀಟಿಂಗಿಗೆ ಬಂದಿದ್ದೀನಿ, ಬಿಡೋರ ಮೀಟಿಂಗಿಗೆ" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿಬಿಟ್ಟ.

ಹೆಲ್ಮೆಟ್ಟಿನವನು ಮೆಲ್ಲಗೆ ಡಿಕ್ಕಿ ಮುಚ್ಚಿದ. "ಓ, ಅದಾ," ಎಂದ ನಿಟ್ಟುಸಿರು ಬಿಟ್ಟು. "ಆ ನಡುವಿನ ಬಿಲ್ಡಿಂಗು. ನನ್ನ ಒಳ್ಳೊಳ್ಳೆ ಗಿರಾಕಿಗಳೆಲ್ಲ ಅಲ್ಲಿ ಹೋಗಿಯೇ ಕೆಟ್ಟುಹೋದರು." ಕಿಕ್ ಹೊಡೆದು ಹೊರಟವನು ತಿರುಗಿ, "ಒಳ್ಳೇದಾಗಲಿ ಸಾಹೇಬ್. ಮನಸ್ಸು ಬದಲಾದರೆ ನಂಬರ್ ಇದೆಯಲ್ಲ" ಎಂದ.

ನಂಜುಂಡ ಮೆಟ್ಟಿಲು ಹತ್ತಿದ. ಗಾಬರಿಯಲ್ಲಿ ನೆಲಮಹಡಿಯನ್ನೂ ಒಂದೆಂದು ಎಣಿಸಿದ್ದರಿಂದ ಅವನ ಎರಡನೇ ಮಹಡಿ ಒಂದು ಮಹಡಿ ಮುಂಚೆಯೇ ಬಂತು. ಬಾಗಿಲು ತೆರೆದಿತ್ತು. ಬೋರ್ಡ್ ಇರಲಿಲ್ಲ. ಹತ್ತಿಪ್ಪತ್ತು ಜನ ವೃತ್ತಾಕಾರವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಮೂಲೆಯಲ್ಲಿ ಚಹಾದ ಫ್ಲಾಸ್ಕ್ ಇತ್ತು, ಎಲ್ಲರ ಮುಖದಲ್ಲೂ ಎಂಥದೋ ಸಂಕಟ. ಇದೇ ಎಂದುಕೊಂಡು ಖಾಲಿ ಕುರ್ಚಿಯಲ್ಲಿ ಕೂತ.

ಬಿಳಿ ಜುಬ್ಬಾದ ಹಿರಿಯರೊಬ್ಬರು ಸಭೆ ನಡೆಸುತ್ತಿದ್ದರು. ರಮಣೀಕ್‌ಭಾಯ್ ಎಂದು ಅವರನ್ನು ಎಲ್ಲರೂ ಕರೆಯುತ್ತಿದ್ದರು. ಅವರು ಗಂಭೀರವಾಗಿ, "ಇಲ್ಲಿ ಯಾರೂ ಯಾರನ್ನೂ ದೂರೋದು ಬೇಡ. ಮಾಡಿದವರು ತಾವಾಗಿಯೇ ಒಪ್ಪಿಕೊಂಡರೆ ಅದಕ್ಕಿಂತ ದೊಡ್ಡತನ ಇಲ್ಲ" ಎಂದರು. ಇಷ್ಟು ದೂರ ಬಂದಾಗಿದೆ, ಇನ್ನು ತಡೆದರೆ ಆಗದು ಎಂದು ನಂಜುಂಡ ಎದ್ದು ನಿಂತ.

"ನನ್ನ ಹೆಸರು ನಂಜುಂಡ," ಎಂದ ಹಿಂದಿಯಲ್ಲಿ. "ನಾನು ಕುಡುಕ."

ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು.

"ನೋಡಿದ್ರಾ! ನೋಡಿದ್ರಾ!" ದಪ್ಪ ಹೆಂಗಸೊಬ್ಬಳು ಎದ್ದಳು. "ಮೂರು ತಿಂಗಳಿಂದ ನನ್ನ ಮಗನ ಮೇಲೆ ಅನುಮಾನಪಟ್ಟರಲ್ಲ! ಇವರೇ, ನೀರಿನ ಟ್ಯಾಂಕಿನ ಹಿಂದೆ ಖಾಲಿ ಬಾಟಲಿ ಎಸೆಯುತ್ತಿದ್ದವರು!"

"ಶಾಬಾಶ್ ಭಾಯ್," ಎಂದರು ರಮಣೀಕ್‌ಭಾಯ್, ಕಣ್ಣಂಚು ಒರೆಸಿಕೊಂಡು. "ಇಂಥ ಧೈರ್ಯ ನಮ್ಮ ಸೊಸೈಟಿಯಲ್ಲಿ ಯಾರಿಗೂ ಇರಲಿಲ್ಲ. ನಿಮ್ಮ ಫ್ಲ್ಯಾಟ್ ಯಾವ ವಿಂಗಿನಲ್ಲಿ?"

"ನಮ್ಮ ಮನೆ... ಬೋಪಾಲ್‌ನಲ್ಲಿ."

"ಬೋಪಾಲ್?" ರಮಣೀಕ್‌ಭಾಯ್ ಹುಬ್ಬೇರಿಸಿದರು. "ಬಾಟಲಿ ಎಸೆಯೋದಕ್ಕೆ ಬೋಪಾಲ್‌ನಿಂದ ಇಲ್ಲಿ ತನಕ ಬರ್ತೀರಾ?"

ಅದು ಪಕ್ಕದ ಅಪಾರ್ಟ್‌ಮೆಂಟಿನವರು ಹಾಲ್ ಬಾಡಿಗೆಗೆ ಹಿಡಿದು ನಡೆಸುತ್ತಿದ್ದ ಸೊಸೈಟಿ ಮೀಟಿಂಗು ಎಂದು ನಂಜುಂಡನಿಗೆ ಅರ್ಥವಾಗುವ ಹೊತ್ತಿಗೆ ಎರಡು ಬಣ ಹುಟ್ಟಿಯಾಗಿತ್ತು. ಹೊರಗಿನವನು ಒಳಗೆ ಹೇಗೆ ಬಂದ, ವಾಚ್‌ಮನ್ ಏನು ಮಾಡುತ್ತಿದ್ದ ಎಂದು ಒಂದು ಬಣ. ತಪ್ಪು ಒಪ್ಪಿಕೊಂಡವನನ್ನು ಹೀಗೆ ಕಾಡಬಾರದು ಎಂದು ಇನ್ನೊಂದು. ಅವನು, "ನಾನು ಬೇರೆ ಮೀಟಿಂಗಿಗೆ ಬಂದವನು, ಕ್ಷಮಿಸಿ" ಎಂದದ್ದು ಯಾರಿಗೂ ಕೇಳಿಸಲಿಲ್ಲ. ಕೇಳಿಸಿದವನು ಒಬ್ಬನೇ. ಬಾಗಿಲ ಬಳಿ ಕೂತಿದ್ದ ಬೋಳುತಲೆಯ ಮನುಷ್ಯ ಅವನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದ.

"ನಾನು ಮುಕುಂದ್‌ಭಾಯ್," ಎಂದ, ದನಿ ತಗ್ಗಿಸಿ. "ಬಿ ವಿಂಗ್. ಬಾಟಲಿ ನನ್ನವು." ನಂಜುಂಡನ ಎರಡೂ ಕೈ ಹಿಡಿದು ಹಣೆಗೊತ್ತಿಕೊಂಡ. "ನೀವು ಯಾರೋ ಏನೋ, ನನ್ನ ಪಾಪ ಹೊತ್ಕೊಂಡಿರಿ. ಯಾವ ಮೀಟಿಂಗಿಗೆ ಬಂದದ್ದು?"

"ಕುಡಿತ ಬಿಟ್ಟವರದ್ದು."

"ಅದು ಇನ್ನೊಂದು ಮಹಡಿ ಮೇಲೆ," ಎಂದ ಮುಕುಂದ್‌ಭಾಯ್ ತಟ್ಟನೆ. ತನಗೆ ಅದು ಹೇಗೆ ಗೊತ್ತು ಎಂದು ಇವನು ಕೇಳಿಯಾನೆಂದು ನೆಲ ನೋಡಿದ. "ಬಾಗಿಲ ತನಕ ಹೋಗಿದ್ದೀನಿ, ಎರಡು ಮೂರು ಸಲ. ಒಳಗೆ ನಗು ಕೇಳಿಸಿತು. ನನ್ನ ನೋಡಿಯೇ ನಗ್ತಾರೇನೋ ಅನ್ನಿಸಿ ವಾಪಸ್ ಬಂದೆ."

ಇಬ್ಬರೂ ಮೆಟ್ಟಿಲ ಮೇಲೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹೊಸ ಶಾಲೆಗೆ ಹೋಗುವ ಮಕ್ಕಳ ಹಾಗೆ ಜೊತೆಯಲ್ಲೇ ಹತ್ತಿದರು.

ಮೇಲಿನ ಕೋಣೆಯಲ್ಲೂ ಕುರ್ಚಿಗಳು ವೃತ್ತಾಕಾರವಾಗಿಯೇ ಇದ್ದವು, ಮೂಲೆಯಲ್ಲಿ ಫ್ಲಾಸ್ಕೂ ಇತ್ತು. ಆದರೆ ಫ್ಲಾಸ್ಕಿನ ಹಿಂದೆ ನಿಂತು ಚಹಾ ಬಗ್ಗಿಸುತ್ತಿದ್ದವರನ್ನು ನೋಡಿ ನಂಜುಂಡನಿಗೆ ಮೆಟ್ಟಿಲಿಳಿದು ಓಡಿಬಿಡೋಣ ಎನ್ನಿಸಿತು. ಅವರು ಶಂಕರನಾರಾಯಣ, ಉಡುಪಿಯವರು, ವಸ್ತ್ರಾಪುರದ ಹೋಟೆಲಿನ ಮಾಲೀಕರು, ಎಲ್ಲಕ್ಕಿಂತ ಹೆಚ್ಚಾಗಿ ಕನ್ನಡ ಸಂಘದ ಅಧ್ಯಕ್ಷರು. ಬದುಕಿರುವ ಅತಿಥಿಗೆ ಮೌನಾಚರಣೆ ನಡೆದ ದಿನ ವೇದಿಕೆಯ ಮೇಲೆ ತಲೆ ಬಗ್ಗಿಸಿ ಕೂತಿದ್ದವರು ಅವರೇ.

"ಬನ್ನಿ ನಂಜುಂಡ್ರೇ," ಎಂದರು ಅವರು, ಬಸ್ಸಿಗೆ ಕಾದವರ ಹಾಗೆ. "ಎಷ್ಟು ಲೇಟ್ ಮಾರಾಯ್ರೆ! ಆ ವಂದನಾರ್ಪಣೆ ದಿವಸವೇ ಎಣಿಸಿದ್ದೆ, ಇವರು ಇನ್ನು ಬರ್ತಾರೆ ಅಂತ."

"ನೀವು... ನೀವು ಇಲ್ಲಿ?"

"ಮತ್ತೆ? ಚಾ ಕುಡಿಲಿಕ್ಕೆ ನನಗೆ ಬೇರೆ ಜಾಗ ಇಲ್ವಾ?" ಅವರು ನಕ್ಕರು. "ಹೆದರ್ಬೇಡಿ. ನೀವು ನನ್ನನ್ನು ಇಲ್ಲಿ ನೋಡಿದ್ರಿ, ನಾನು ನಿಮ್ಮನ್ನು ನೋಡಿದೆ. ಇನ್ನು ಇಬ್ಬರೂ ಬಾಯಿ ಬಿಡುವ ಹಾಗಿಲ್ಲ."

ಮೀಟಿಂಗು ಶುರುವಾಯಿತು. ಮೊದಲು ಮಾತಾಡಿದವರು ಶಂಕರನಾರಾಯಣರೇ. ಬಾಟಲಿಯನ್ನು ಹೋಟೆಲಿನ ಅಡುಗೆಮನೆಯಲ್ಲಿ ಒಣಮೆಣಸಿನ ಪುಡಿಯ ಡಬ್ಬದೊಳಗೆ ಹೂತಿಡುತ್ತಿದ್ದರಂತೆ. ತೆಗೆದಾಗಲೆಲ್ಲ ಸೀನು, ಇಟ್ಟಾಗಲೆಲ್ಲ ಸೀನು. ಪಾಪ, ಹೆಂಡತಿ ರುಕ್ಮಿಣಿ ಇದು ಅಲರ್ಜಿ ಎಂದು ವರ್ಷವಿಡೀ ಕಷಾಯ ಕುಡಿಸಿದರು, ವಡೋದರದ ದೊಡ್ಡ ವೈದ್ಯರಿಗೂ ತೋರಿಸಿದರು. "ಕುಡಿಯೋದು ಬಿಟ್ಟ ಮೇಲೆ ಸೀನೂ ನಿಂತಿತು. ಅವಳು ಈಗಲೂ ಆ ವೈದ್ಯರ ಕೈಗುಣ ಹೊಗಳ್ತಾಳೆ" ಎಂದು ಗುಜರಾತಿಯಲ್ಲಿ ಹೇಳಿದಾಗ ಕೋಣೆಯೆಲ್ಲ ನಕ್ಕಿತು. ಮುಕುಂದ್‌ಭಾಯ್ ಬಾಗಿಲಾಚೆ ನಿಂತು ಕೇಳಿದ್ದು ಈ ನಗುವನ್ನೇ ಇರಬೇಕು. ಅವನೂ ಈಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಸರದಿ ನಂಜುಂಡನಿಗೆ ಬಂತು. ಅವನು ಎದ್ದು ನಿಂತು ಸುತ್ತ ನೋಡಿ, "ಇದು ಸೊಸೈಟಿ ಮೀಟಿಂಗ್ ಅಲ್ಲ ತಾನೆ?" ಎಂದು ಮೊದಲು ಖಾತ್ರಿ ಮಾಡಿಕೊಂಡ. ಹೆಸರು ಹೇಳಿದ. ಕುಡುಕ ಎಂದೂ ಹೇಳಿದ. ಮುಂದಕ್ಕೆ ಹಿಂದಿ ಸಾಗಲಿಲ್ಲ. ಆಫೀಸಿನ ಹಿಂದಿ ಅದು. ಕಡತ ತನ್ನಿ, ಸಹಿ ಮಾಡಿ ಎನ್ನುವುದಕ್ಕೆ ಸಾಕಾಗುತ್ತಿತ್ತು, ಇದಕ್ಕೆ ಸಾಲದು.

"ಕನ್ನಡದಲ್ಲೇ ಹೇಳಿ," ಎಂದರು ಶಂಕರನಾರಾಯಣ. "ನಾನಿದ್ದೇನಲ್ಲ, ಇವರಿಗೆ ತಿಳಿಸ್ತೇನೆ."

ನಂಜುಂಡ ಹೇಳಿದ. ತಾನು ಮನೆಗೆ ಬಂದ ಸದ್ದಾದರೆ ಮಗಳು ರೂಮಿನ ಬಾಗಿಲು ಹಾಕಿಕೊಳ್ಳುವುದನ್ನು ಹೇಳಿದ. ದಢಾರೆಂದು ಹಾಕಿದರೂ ಆಗುತ್ತಿತ್ತು, ಅವಳು ಸದ್ದೇ ಆಗದ ಹಾಗೆ ಹಾಕುವುದನ್ನು ಕಲಿತುಬಿಟ್ಟಿದ್ದಾಳೆ ಎಂದ. ಗಿರಿಜಾ ಜಗಳವಾಡುವುದನ್ನು ಬಿಟ್ಟು ಎಷ್ಟು ಕಾಲವಾಯಿತೆಂದು ತನಗೆ ನೆನಪಿಲ್ಲ, ಬಿಟ್ಟಾಗ ತಾನು ಖುಷಿಪಟ್ಟಿದ್ದೆ ಎಂದ. ಅಷ್ಟು ಹೇಳಿ ಕೂತ.

ಶಂಕರನಾರಾಯಣ ಗುಜರಾತಿಯಲ್ಲಿ ಶುರುಮಾಡಿದರು. ಬಾಗಿಲಿನ ಮಾತಿಗೆ ಬರುವಷ್ಟರಲ್ಲಿ ಅವರಿಗೆ ಮುಂದುವರಿಸಲಾಗಲಿಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಒಟ್ಟಿನಲ್ಲಿ ನಮ್ಮೆಲ್ಲರದ್ದೇ ಕಥೆ" ಎಂದು ಕೂತುಬಿಟ್ಟರು. ಪಕ್ಕದವರೊಬ್ಬರು ನಂಜುಂಡನ ಕೈಗೆ ಬಿಸ್ಕತ್ತು ಇಟ್ಟರು. "ಇವತ್ತೊಂದು ದಿನ ಕುಡಿಯಬೇಡಿ ಭಾಯ್. ನಾಳೆಯದು ನಾಳೆ" ಎಂದರು.

ಅವತ್ತಿನಿಂದ ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಸಂಕ್ರಾಂತಿಯಲ್ಲಿ ನಂಜುಂಡ ಒಮ್ಮೆ ಜಾರಿಬಿದ್ದ. ಮುಖ ತೋರಿಸಲಾಗದೆ ಎರಡು ಗುರುವಾರ ತಪ್ಪಿಸಿದ. ಮೂರನೇ ಗುರುವಾರ ಮುಕುಂದ್‌ಭಾಯ್ ಬೋಪಾಲ್‌ಗೇ ಬಂದು, ಫ್ಲ್ಯಾಟಿನ ಬೆಲ್ ಒತ್ತಿ, ಬಾಗಿಲು ತೆರೆದ ಗಿರಿಜಾಗೆ ಕೈಮುಗಿದು, "ನಾನು ಭಜನಾ ಮಂಡಳಿಯವನು, ಇವರಿಲ್ಲದೆ ತಾಳ ತಪ್ತಿದೆ" ಎಂದು ಕರೆದುಕೊಂಡು ಹೋದ. ಗಿರಿಜಾಗೆ ಎಲ್ಲ ಗೊತ್ತಿತ್ತು, ನಂಜುಂಡ ಹೇಳಿದ್ದ. ಆದರೂ ಅವಳು, "ಹೋಗಿ ಬನ್ನಿ ರೀ, ದೇವರ ಕೆಲಸ" ಎಂದು ಗಂಭೀರವಾಗಿಯೇ ಕಳಿಸಿದಳು. ಬಾಗಿಲು ಹಾಕಿದ ಮೇಲೆ ಒಳಗಿನಿಂದ ಅವಳು ನಕ್ಕದ್ದು ಲಿಫ್ಟಿನ ತನಕ ಕೇಳಿಸಿತು.

ಬೇಸಿಗೆಯ ಶುರುವಿನಲ್ಲಿ ತಪಾಸಣೆಗೆಂದು ಅವನು ಸೂರತ್ತಿಗೆ ಹೋಗಬೇಕಾಯಿತು. ಅಲ್ಲಿನ ಶಾಖೆಯ ಮ್ಯಾನೇಜರ್ ಸುಧೀರ್, ಶಿವಮೊಗ್ಗದ ಕಡೆಯ ಹುಡುಗ, ಮೇಲಧಿಕಾರಿಗಳೆಂದರೆ ನಡುಗುವವನು. ಕೆಲಸ ಮುಗಿದ ಸಂಜೆ ಗೆಸ್ಟ್‌ಹೌಸಿನ ಕೋಣೆಗೆ ಬಂದು, ಪೇಪರಿನಲ್ಲಿ ಸುತ್ತಿದ್ದೊಂದನ್ನು ಮೇಜಿನ ಮೇಲಿಟ್ಟು, "ಸರ್, ನಿಷೇಧ ಇಲ್ಲದ ದಮನ್‌ನಿಂದ ತರಿಸಿದ್ದು. ನಿಮಗೆ ಇಷ್ಟ ಅಂತ ಕೇಳಿದ್ದೆ. ಕೆಳಗಿರ್ತೀನಿ ಸರ್" ಎಂದು ಹೆಮ್ಮೆಯಿಂದ ಹೋದ.

ನಂಜುಂಡ ಬಾಟಲಿಯನ್ನು ನೋಡಿದ. ಕೋಣೆಯಲ್ಲಿ ಏಸಿ ತಣ್ಣಗಿತ್ತು, ಗಾಜಿನ ಲೋಟ ಫಳಫಳ ತೊಳೆದಿತ್ತು, ಕೇಳುವವರು ಯಾರೂ ಇರಲಿಲ್ಲ. ಪೇಪರಿನ ಒಂದು ಮಡಿಕೆ ಬಿಡಿಸಿಯೂ ಆಯಿತು. ಇನ್ನೊಂದು ಕೈಯಿಂದ ಶಂಕರನಾರಾಯಣರಿಗೆ ಫೋನ್ ಮಾಡಿದ.

ಅಲ್ಲಿ ಸಂಜೆಯ ರಶ್ಶು. "ಎರಡು ಮಸಾಲೆ, ಒಂದು ರವಾ! ಹಾಂ, ಹೇಳಿ ನಂಜುಂಡ್ರೇ."

"ನನ್ನ ಮುಂದೆ ಬಾಟಲಿ ಇದೆ."

"ಓಪನ್ ಆಗಿದ್ಯಾ?"

"ಇಲ್ಲ."

"ಹಾಗಾದ್ರೆ ಮೊದಲು ಕೋಣೆಯಿಂದ ಹೊರಗೆ ಬನ್ನಿ. ಚಪ್ಪಲಿ ಹುಡುಕ್ತಾ ಕೂರ್ಬೇಡಿ. ಏ, ಚಟ್ನಿ ಎಲ್ಲುಂಟು? ಅಲ್ಲೇ ಸೂರತ್ತಿನ ವರಾಛಾದಲ್ಲಿ ಇವತ್ತೇ ಮೀಟಿಂಗ್ ಉಂಟು, ಅಡ್ರೆಸ್ ಕಳಿಸ್ತೇನೆ. ಹೊರಗೆ ಬಂದ್ರಾ?"

ಬರಿಗಾಲಲ್ಲಿ ಕೆಳಗಿಳಿದು ಬಂದ ಅಧಿಕಾರಿಯನ್ನು ನೋಡಿ ಸುಧೀರನ ಜೀವ ಬಾಯಿಗೆ ಬಂತು. "ಸರ್, ಏನಾಯ್ತು?"

"ವರಾಛಾಗೆ ಹೋಗಬೇಕು. ಒಂದು ಮೀಟಿಂಗಿದೆ."

"ಮೀಟಿಂಗಾ? ನನಗೆ ಯಾರೂ ತಿಳಿಸ್ಲೇ ಇಲ್ವಲ್ಲ ಸರ್?"

"ಅದು ಹಾಗೆ ತಿಳಿಸೋ ಮೀಟಿಂಗಲ್ಲ ಕಣಯ್ಯ."

ಇದು ಗುಪ್ತ ವಿಚಾರಣೆಯೇ ಎಂದು ಸುಧೀರನಿಗೆ ಖಚಿತವಾಯಿತು. ಬೆವರುತ್ತಾ ಕಾರು ಓಡಿಸಿದ. ವಜ್ರ ಪಾಲಿಶ್ ಮಾಡುವ ಕಾರ್ಖಾನೆಯೊಂದರ ಮೇಲಿನ ಸಣ್ಣ ಕೋಣೆ ಅದು. ದಿನವಿಡೀ ಸಾಣೆಚಕ್ರದ ಮುಂದೆ ಬಗ್ಗಿ ಕೂತು ಬಂದ ಜನ ಬೆನ್ನು ಒರಗಿಸಿಕೊಂಡು ಕುಳಿತಿದ್ದರು. ಕಾರಿನಲ್ಲೇ ಇರು ಎಂದರೂ ಕೇಳದೆ ಸುಧೀರ ಒಳಗೆ ಬಂದು ಗೋಡೆಗೊರಗಿ ನಿಂತ. ಒಬ್ಬೊಬ್ಬರೇ ಎದ್ದು ಹೆಸರು ಹೇಳಿ ಏನೋ ಒಪ್ಪಿಕೊಳ್ಳುತ್ತಿದ್ದರು. ಅವನಿಗೆ ಗುಜರಾತಿ ಅಷ್ಟಕ್ಕಷ್ಟೆ. ನಂಜುಂಡನೂ ಎದ್ದು, ಈಗ ಅವನಿಗೆ ಸರಾಗವಾಗಿದ್ದ ಹಿಂದಿಯಲ್ಲಿ, "ಇವತ್ತು ನಾನು ತಪ್ಪು ಮಾಡೋದರಲ್ಲಿದ್ದೆ, ಅದಕ್ಕೆ ಓಡಿ ಬಂದೆ" ಎಂದ. ಎಲ್ಲರ ಕಣ್ಣು ಅವನ ಜೊತೆ ಬಂದಿದ್ದ ಹೊಸಬನ ಕಡೆ ತಿರುಗಿತು.

ಸುಧೀರ ತಡೆಯಲಾರದೆ ಕೈಮುಗಿದ. "ನನ್ನ ಹೆಸರು ಸುಧೀರ್. ಶಾಖೆಯ ಮುಂದಿರೋ ಹೂವಿನ ಕುಂಡಗಳು ನಮ್ಮವಲ್ಲ. ತಪಾಸಣೆಗೆ ಅಂತ ನರ್ಸರಿಯಿಂದ ತಂದಿಟ್ಟಿದ್ವಿ. ಗೋಡೆ ಗಡಿಯಾರವೂ ಪಕ್ಕದ ಅಂಗಡಿದು. ನಾಳೆ ವಾಪಸ್ ಕೊಡ್ತೀನಿ."

ಮೀಟಿಂಗು ನಡೆಸುತ್ತಿದ್ದ ನರೆಗೂದಲಿನ ಮನುಷ್ಯ ತುಂಬ ಹೊತ್ತು ಯೋಚಿಸಿ, "ಪರವಾಗಿಲ್ಲ ಭಾಯ್. ಶುರು ಎಲ್ಲಿಂದಾದರೂ ಆಗಬಹುದು. ಬರ್ತಾ ಇರಿ" ಎಂದು ಅವನಿಗೂ ಚಹಾ ಕೊಟ್ಟ.

ವಾಪಸ್ ಬರುವಾಗ ನಂಜುಂಡ ನಕ್ಕುನಕ್ಕು ಸಾಕಾಗಿ ಕಣ್ಣೊರೆಸಿಕೊಂಡು ಎಲ್ಲ ಬಿಡಿಸಿ ಹೇಳಿದ. ಸುಧೀರ ಬಾಟಲಿ ತೆಗೆದುಕೊಂಡು ಹೋಗಲು ಕೋಣೆಗೆ ಮೊದಲೇ ಓಡಿದ. ನಂಜುಂಡ ಗೆಸ್ಟ್‌ಹೌಸಿನ ಅಂಗಳದಲ್ಲಿ ನಿಂತಿದ್ದಾಗ ಫೋನ್ ಬಂತು. ಮನಸ್ವಿನಿ. ಅವಳು ತಾನಾಗಿ ಫೋನ್ ಮಾಡುವವಳೇ ಅಲ್ಲ.

"ಹಲೋ," ಎಂದ ನಂಜುಂಡ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಅಪ್ಪ ಕುಡಿದಿದ್ದಾನೆಯೇ ಎಂದು ಅವಳು ದನಿಯನ್ನು ತೂಗಿ ನೋಡುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು, ಬೇಜಾರಾಗಲಿಲ್ಲ.

"ಅಪ್ಪಾ," ಎಂದಳು ಅವಳು ಕೊನೆಗೆ, "ಗೀಸರ್ ಬಂದ್ ಹೋ ಗಯಾ. ಪ್ಲಂಬರ್ ಬಂದ, ನೋಡ್ದ, ನನ್ನ ಕೆಲಸ ಅಲ್ಲ ಅಂತ ಹೇಳಿ ಹೋದ. ಅಮ್ಮ ಏನಂತಾಳೆ ಗೊತ್ತಾ, ಪಾತ್ರೇಲಿ ಬಿಸಿ ಮಾಡ್ಕೋ ಅಂತೆ! ಆಮೇಲೆ ನನ್ನ ಸ್ಕೂಟಿ ಬ್ರೇಕ್ ಕೂಡ ಕೀ ಕೀ ಅಂತಿದೆ. ಆಮೇಲೆ..."

ಮನೆಯ ತಾಪತ್ರಯಗಳನ್ನು ಅವನ ಹತ್ತಿರ ಯಾರೂ ಹೇಳಿಕೊಳ್ಳದೆ ಎಷ್ಟೋ ವರ್ಷವಾಗಿತ್ತು. ನಂಜುಂಡ ಅಂಗಳದ ಕಟ್ಟೆಯ ಮೇಲೆ ಕೂತು, ಬರಿಗಾಲು ಮಡಚಿಕೊಂಡು, "ಹೂಂ, ಆಮೇಲೆ?" ಎಂದ.